ಒಂದು ಎರಡಾಗಿ ಕಂಡರೆ: ದೋಷ ಕಣ್ಣಿನದೋ, ನರದ್ದೋ, ಸ್ನಾಯುವಿನದೋ?

ಪ್ರಶ್ನೆ: ನಮ್ಮದು ಜಗಳೂರು ತಾಲ್ಲೂಕು. ತಾಯಿಗೆ 58 ವರ್ಷ, ಹತ್ತು ವರ್ಷಗಳಿಂದ ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ಮೂರು ವಾರಗಳಿಂದ ಅವರಿಗೆ ಒಂದು ವಸ್ತು ಎರಡಾಗಿ ಕಾಣುತ್ತಿದೆ, ಎಡಗಣ್ಣಿನ ರೆಪ್ಪೆ ಇಳಿಬಿದ್ದಿದೆ. ಬೆಳಿಗ್ಗೆ ಅಷ್ಟಾಗಿ ಗೊತ್ತಾಗುವುದಿಲ್ಲ. ಸಂಜೆ ರೊಟ್ಟಿ ಬಡಿಯುವ ಹೊತ್ತಿಗೆ ಒಲೆಯ ಮೇಲೆ ಎರಡು ಹಂಚು ಕಾಣುತ್ತವೆ ಎನ್ನುತ್ತಾರೆ. ನೋವೇನೂ ಇಲ್ಲ. ಕನ್ನಡಕದ ಅಂಗಡಿಯವರು ನಂಬರ್ ಬದಲಾಗಿದೆ ಎಂದರು, ಹೊಸ ಕನ್ನಡಕ ಹಾಕಿದರೂ ಹಾಗೆಯೇ ಇದೆ. ಕಣ್ಣಿನ ವೈದ್ಯರು, ಕಣ್ಣು ಚೆನ್ನಾಗಿದೆ, ನರರೋಗ ತಜ್ಞರಿಗೆ ತೋರಿಸಿ ಎಂದಿದ್ದಾರೆ. ಊರಿನಲ್ಲಿ ಎಲ್ಲರೂ ಇದು ಲಕ್ವದ ಮುನ್ಸೂಚನೆ ಎಂದು ಹೆದರಿಸುತ್ತಿದ್ದಾರೆ. ನೇರವಾಗಿ ಎಂ.ಆರ್‌.ಐ. ಮಾಡಿಸಿಬಿಟ್ಟರೆ ತಿಳಿಯುವುದಿಲ್ಲವೇ? ಇನ್ನೊಂದು ವಿಷಯ: ನನ್ನ ತಂಗಿಗೆ 28 ವರ್ಷ. ಕಳೆದ ವರ್ಷ ಅವಳ ಬಲಗಣ್ಣು ನಾಲ್ಕೈದು ದಿನಗಳಲ್ಲಿ ಮಂಜಾಯಿತು, ಕಣ್ಣು ಹೊರಳಿಸಿದರೆ ನೋಯುತ್ತಿತ್ತು. ಯಾವುದೋ ಮಾತ್ರೆ ಕೊಟ್ಟರು, ಒಂದೂವರೆ ತಿಂಗಳಲ್ಲಿ ಸರಿಹೋಯಿತು. ಇವೆರಡೂ ಒಂದೇ ಕಾಯಿಲೆಯೇ? ವಂಶದಲ್ಲಿ ಬರುವಂಥದ್ದೇ?

ಉತ್ತರ: ವಿವರಗಳಿಗೆ ಹೋಗುವ ಮುನ್ನ ಒಂದು ಕೆಲಸವನ್ನು ಇಂದೇ ಮಾಡಿ. ತಾಯಿಯವರನ್ನು ಬೆಳಕಿರುವ ಕಡೆ ಎದುರಿಗೆ ಕೂರಿಸಿ, ಇಳಿದ ರೆಪ್ಪೆಯನ್ನು ಬೆರಳಿನಿಂದ ಮೆಲ್ಲಗೆ ಎತ್ತಿ, ಎರಡೂ ಕಣ್ಣುಗಳ ಪಾಪೆಗಳು (ಕಣ್ಣಿನ ನಟ್ಟನಡುವಿನ ಕಪ್ಪು ಬೊಟ್ಟುಗಳು) ಒಂದೇ ಗಾತ್ರದಲ್ಲಿವೆಯೇ ಎಂದು ನೋಡಿ. ನಮ್ಮವರ ಕಣ್ಣು ಕಡುಕಂದು ಬಣ್ಣದ್ದಾದ್ದರಿಂದ ನೇರವಾಗಿ ನೋಡಿದರೆ ಪಾಪೆಯ ಅಂಚು ಸುಲಭವಾಗಿ ಕಾಣುವುದಿಲ್ಲ. ಮೊಬೈಲ್‌ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದರೆ ಗೊತ್ತಾಗುತ್ತದೆ. ರೆಪ್ಪೆ ಇಳಿದ ಕಣ್ಣಿನ ಪಾಪೆ ಇನ್ನೊಂದಕ್ಕಿಂತ ದೊಡ್ಡದಾಗಿದ್ದು, ಬೆಳಕು ಬಿಟ್ಟರೂ ಕಿರಿದಾಗದಿದ್ದರೆ, ಈ ಉತ್ತರವನ್ನು ಮುಂದಕ್ಕೆ ಓದುವ ಬದಲು ಅವರನ್ನು ಈಗಲೇ ದಾವಣಗೆರೆಯ ದೊಡ್ಡ ಆಸ್ಪತ್ರೆಯೊಂದರ ತುರ್ತು ವಿಭಾಗಕ್ಕೆ ಕರೆದೊಯ್ಯಿರಿ. ಇದ್ದಕ್ಕಿದ್ದಂತೆ ಹಿಂದೆಂದೂ ಬಾರದಂಥ ತಲೆನೋವು, ಮಾತು ತೊದಲುವುದು, ಒಂದು ಕಡೆಯ ಕೈಕಾಲಿನ ಬಲಹೀನತೆ, ನುಂಗಲು ಅಥವಾ ಉಸಿರಾಡಲು ಕಷ್ಟ, ಇವುಗಳಲ್ಲಿ ಒಂದು ಕಂಡರೂ ಇದೇ ಮಾತು. ಕಾರಣವನ್ನು ಮುಂದೆ ವಿವರಿಸುತ್ತೇನೆ.

ಈಗ ಎಂ.ಆರ್‌.ಐ. ವಿಷಯ. ಸ್ಕ್ಯಾನ್‌ ನಾವು ಕೇಳಿದ ಪ್ರಶ್ನೆಗೆ ಮಾತ್ರ ಉತ್ತರ ಕೊಡುತ್ತದೆ. ಪ್ರಶ್ನೆ ಯಾವುದು ಎಂಬುದನ್ನು ರೋಗಿಯ ಮಾತಿನಿಂದಲೂ ಹತ್ತು ನಿಮಿಷದ ಪರೀಕ್ಷೆಯಿಂದಲೂ ಮೊದಲೇ ಕಂಡುಕೊಳ್ಳಬೇಕು. ಕಣ್ಣಿನ ನರವನ್ನು ನೋಡಬೇಕಾದರೆ ಕಣ್ಣಿನ ಗೂಡಿನ ಚಿತ್ರಗಳನ್ನು ಬೇರೆಯಾಗಿ ತೆಗೆಯಬೇಕು, ರಕ್ತನಾಳದ ಉಬ್ಬನ್ನು ಹುಡುಕಬೇಕಾದರೆ ಆಂಜಿಯೋಗ್ರಾಮ್‌ ಮಾಡಬೇಕು. ಸುಮ್ಮನೆ ಮೆದುಳಿನ ಎಂ.ಆರ್‌.ಐ. ಎಂದು ಬರೆಸಿಕೊಂಡು ಹೋದರೆ ಈ ಎರಡೂ ತಪ್ಪಿಹೋಗುವ ಸಾಧ್ಯತೆಯಿದೆ. ಇನ್ನು, ನಿಮ್ಮ ತಾಯಿಯವರಿಗೆ ಇರಬಹುದೆಂದು ನಾನು ಮುಖ್ಯವಾಗಿ ಶಂಕಿಸುವ ಕಾಯಿಲೆಯಲ್ಲಿ ಮೆದುಳಿನ ಎಂ.ಆರ್‌.ಐ. ಪೂರ್ತಿ ಸರಿಯಾಗಿಯೇ ಇರುತ್ತದೆ. ಹಣ ಖರ್ಚಾಗಿ, ರಿಪೋರ್ಟ್‌ ನಾರ್ಮಲ್‌ ಎಂದು ಬಂದು, ಮನೆಯವರು ನಿಶ್ಚಿಂತರಾಗಿ ತಿಂಗಳುಗಟ್ಟಲೆ ಸುಮ್ಮನಾಗುವುದೇ ಇಲ್ಲಿನ ನಿಜವಾದ ಅಪಾಯ.

ನರಮಂಡಲದ ತೊಂದರೆ ಕಣ್ಣಿನಲ್ಲಿ ಎರಡು ಬಗೆಯಾಗಿ ತೋರುತ್ತದೆ. ಒಂದು, ನೋಟವೇ ಕುಂದುವುದು: ಅಕ್ಷಿಪಟಲದಿಂದ ಹೊರಟ ಕಣ್ಣಿನ ನರ, ಅದರ ಹಿಂದೆ ಎರಡೂ ನರಗಳು ಸೇರಿ ಅರ್ಧದಷ್ಟು ಎಳೆಗಳು ಅಡ್ಡದಾಟುವ ಕೂಡುಸ್ಥಾನ, ಅಲ್ಲಿಂದ ಮೆದುಳಿನ ಹಿಂಭಾಗದವರೆಗಿನ ಹಾದಿ, ಇಷ್ಟರಲ್ಲಿ ಎಲ್ಲಿಯೇ ಪೆಟ್ಟಾದರೂ ಹೀಗಾಗುತ್ತದೆ. ಇನ್ನೊಂದು, ಎರಡೂ ಕಣ್ಣುಗಳಲ್ಲಿ ನೋಟ ಚೆನ್ನಾಗಿದ್ದರೂ ಅವು ಒಟ್ಟಿಗೆ ಚಲಿಸದಿರುವುದು: ಪ್ರತಿ ಕಣ್ಣನ್ನೂ ಆರು ಸ್ನಾಯುಗಳು ತಿರುಗಿಸುತ್ತವೆ, ಅವುಗಳಿಗೆ ಮೆದುಳಿನಿಂದ ಮೂರು ನರಗಳು ಬರುತ್ತವೆ, ನರ, ಸ್ನಾಯು ಅಥವಾ ಇವೆರಡೂ ಸಂಧಿಸುವ ಜಾಗದಲ್ಲಿ ಕೆಡುಕಾದರೆ ಒಂದು ವಸ್ತು ಎರಡಾಗಿ ಕಾಣುತ್ತದೆ. ನಿಮ್ಮ ತಂಗಿಯವರದು ಮೊದಲ ಬಗೆ, ತಾಯಿಯವರದು ಎರಡನೆಯದು.

ಎರಡನೆಯ ಬಗೆಯೇ ಹೌದೆಂದು ಖಚಿತಪಡಿಸಿಕೊಳ್ಳಲು ಯಾವ ಯಂತ್ರವೂ ಬೇಡ. ಎರಡೆರಡಾಗಿ ಕಾಣುತ್ತಿರುವಾಗ ಅವರ ಒಂದು ಕಣ್ಣನ್ನು ಅಂಗೈಯಿಂದ ಪೂರ್ತಿ ಮುಚ್ಚಿಸಿ ಕೇಳಿ; ಆಮೇಲೆ ಇನ್ನೊಂದನ್ನು ಮುಚ್ಚಿಸಿ ಕೇಳಿ. ಯಾವ ಕಣ್ಣನ್ನು ಮುಚ್ಚಿದರೂ ಹಂಚು ಒಂದೇ ಆಗಿ ಕಂಡರೆ, ದೋಷ ಕಣ್ಣುಗಳ ಹೊಂದಾಣಿಕೆಯಲ್ಲಿದೆ, ನರರೋಗ ತಜ್ಞರು ನೋಡಲೇಬೇಕು. ಒಂದು ಕಣ್ಣನ್ನು ಮುಚ್ಚಿದ ಮೇಲೂ ತೆರೆದ ಕಣ್ಣಿಗೆ ಎರಡು ಕಂಡರೆ, ಅದು ಬಹುಮಟ್ಟಿಗೆ ಪೊರೆ, ಕಣ್ಣಿನ ಒಣಗುವಿಕೆ ಅಥವಾ ಕನ್ನಡಕದ ನಂಬರಿನ ತೊಂದರೆ. ಕನ್ನಡಕದ ಅಂಗಡಿಗೆ ಹೋಗುವ ಮೊದಲು ಈ ಪರೀಕ್ಷೆ ಮಾಡಿದ್ದರೆ ಹೊಸ ಕನ್ನಡಕದ ಖರ್ಚು ಉಳಿಯುತ್ತಿತ್ತು.

ಎರಡು ಬಿಂಬಗಳು ಹೇಗೆ ನಿಲ್ಲುತ್ತವೆ ಎಂಬುದೂ ಮುಖ್ಯ. ಬಿಂಬಗಳು ಅಕ್ಕಪಕ್ಕದಲ್ಲಿದ್ದು, ದೂರದ ಬಸ್ಸು ನೋಡುವಾಗ ಹೆಚ್ಚಾಗಿ, ಓದುವಾಗ ಕಡಿಮೆಯಾದರೆ, ಕಣ್ಣನ್ನು ಹೊರಕ್ಕೆ ಎಳೆಯುವ ಆರನೆಯ ನರದ ದೌರ್ಬಲ್ಯ ಎಂದು ಊಹಿಸುತ್ತೇವೆ. ಒಂದರ ಮೇಲೊಂದು ಕಾಣುತ್ತ, ಮೆಟ್ಟಿಲು ಇಳಿಯುವಾಗ ಕಾಲಿಡುವುದು ಎಲ್ಲಿ ಎಂಬ ಗೊಂದಲವಾಗುತ್ತ, ತಲೆಯನ್ನು ಒಂದು ಭುಜದ ಕಡೆ ವಾಲಿಸಿದರೆ ಸರಿಹೋಗುತ್ತಿದ್ದರೆ ನಾಲ್ಕನೆಯ ನರ. ರೆಪ್ಪೆಯನ್ನು ಎತ್ತುವುದು, ಪಾಪೆಯನ್ನು ಕಿರಿದಾಗಿಸುವುದು, ಆರರಲ್ಲಿ ನಾಲ್ಕು ಸ್ನಾಯುಗಳನ್ನು ನಡೆಸುವುದು ಮೂರನೆಯ ನರದ ಕೆಲಸ. ಅದು ಪೂರ್ತಿ ಕೆಟ್ಟರೆ ರೆಪ್ಪೆ ಮುಚ್ಚಿಹೋಗಿ, ಎತ್ತಿ ನೋಡಿದರೆ ಕಣ್ಣು ಹೊರಕ್ಕೂ ಕೆಳಕ್ಕೂ ಸರಿದಿರುತ್ತದೆ.

ಪಾಪೆಯ ಮಾತು ಇಲ್ಲಿಗೇ ಬರುತ್ತದೆ. ಮೂರನೆಯ ನರದಲ್ಲಿ ಪಾಪೆಗೆ ಹೋಗುವ ಎಳೆಗಳು ಬಾಳೆದಿಂಡಿನ ಹೊರಪದರದ ಹಾಗೆ ಮೇಲ್ಮೈಯಲ್ಲೇ ಇರುತ್ತವೆ. ಮೆದುಳಿನ ಬುಡದ ರಕ್ತನಾಳದಲ್ಲಿ ಉಬ್ಬು ಬೆಳೆದು ನರವನ್ನು ಹೊರಗಿನಿಂದ ಒತ್ತಿದಾಗ ಮೊದಲು ನಲುಗುವುದು ಈ ಎಳೆಗಳೇ, ಆದ್ದರಿಂದ ಪಾಪೆ ಹಿಗ್ಗುತ್ತದೆ. ಆ ಉಬ್ಬು ಒಡೆದರೆ ಜೀವಕ್ಕೇ ಅಪಾಯ. ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡದಲ್ಲಿ ಕೆಡುವುದು ನರದ ಒಳಭಾಗಕ್ಕೆ ರಕ್ತ ಕೊಡುವ ಸೂಕ್ಷ್ಮ ನಾಳಗಳು. ಹೊರಪದರ ಬಹುಪಾಲು ಉಳಿದುಕೊಳ್ಳುವುದರಿಂದ ಪಾಪೆ ಸಾಮಾನ್ಯವಾಗಿ ಸರಿಯಿರುತ್ತದೆ. ಸಕ್ಕರೆಯಿಂದಾದ ನರದೌರ್ಬಲ್ಯ ಒಂದೆರಡು ದಿನಗಳಲ್ಲಿ ಕಾಣಿಸಿಕೊಳ್ಳುತ್ತದೆ, ಅನೇಕರಿಗೆ ಆ ಕಣ್ಣಿನ ಸುತ್ತ ನೋವಿರುತ್ತದೆ, ಹಗಲು ರಾತ್ರಿ ಒಂದೇ ಸಮ ಇರುತ್ತದೆ, ಸಕ್ಕರೆ ಹತೋಟಿಗೆ ತಂದರೆ ಸುಮಾರು ಮೂರು ತಿಂಗಳಲ್ಲಿ ತಾನಾಗಿಯೇ ಗುಣವಾಗುತ್ತದೆ. ಮೂರು ತಿಂಗಳಾದರೂ ಗುಣವಾಗದಿದ್ದರೆ ಬೇರೆ ಕಾರಣ ಹುಡುಕಬೇಕು. ಇದಕ್ಕೆ ವಿರುದ್ಧವಾದ ಚಿತ್ರವೂ ಒಂದಿದೆ: ರೆಪ್ಪೆ ಸ್ವಲ್ಪವೇ ಇಳಿದು, ಆ ಕಡೆಯ ಪಾಪೆ ಚಿಕ್ಕದಾಗಿದ್ದು, ಜೊತೆಗೆ ಹೊಸದಾಗಿ ಕುತ್ತಿಗೆ ನೋವು ಬಂದಿದ್ದರೆ ಕುತ್ತಿಗೆಯ ರಕ್ತನಾಳದ ಒಳಪದರ ಸೀಳಿರಬಹುದು, ಅದೂ ತಡಮಾಡುವಂಥದ್ದಲ್ಲ. ಪೊರೆ ಶಸ್ತ್ರಚಿಕಿತ್ಸೆ ಆದವರಲ್ಲಿ ಮಾತ್ರ ಪಾಪೆಯ ಆಕಾರ ಮೊದಲೇ ವ್ಯತ್ಯಾಸವಾಗಿರಬಹುದು, ಅದನ್ನು ವೈದ್ಯರಿಗೆ ಹೇಳಿ.

ನಿಮ್ಮ ಪತ್ರದಲ್ಲಿ ನನ್ನ ಗಮನ ಸೆಳೆದದ್ದು ಸಕ್ಕರೆ ಕಾಯಿಲೆಗಿಂತ ಹೆಚ್ಚಾಗಿ, ಬೆಳಿಗ್ಗೆ ಅಷ್ಟಾಗಿ ಗೊತ್ತಾಗುವುದಿಲ್ಲ, ಸಂಜೆಗೆ ಹೆಚ್ಚು ಎಂಬ ಮಾತು. ಹಾನಿಯಾದ ನರ ಬೆಳಗಿನಿಂದ ಸಂಜೆಯೊಳಗೆ ಇಷ್ಟು ಬದಲಾಗುವುದಿಲ್ಲ. ದಣಿದಷ್ಟೂ ಕುಸಿಯುವುದು, ವಿಶ್ರಾಂತಿ ಪಡೆದರೆ ಚೇತರಿಸುವುದು ಮೈಸ್ತೇನಿಯಾ ಗ್ರೇವಿಸ್‌ ಎಂಬ ಕಾಯಿಲೆಯ ಗುಣ. ನರದ ತುದಿಯಿಂದ ಅಸಿಟೈಲ್‌ಕೋಲಿನ್‌ ಎಂಬ ರಾಸಾಯನಿಕ ಹೊರಬಂದು ಸ್ನಾಯುವಿನ ಮೇಲಿನ ಗ್ರಾಹಕಗಳಿಗೆ ತಗುಲಿದಾಗ ಸ್ನಾಯು ಸಂಕುಚಿಸುತ್ತದೆ. ಈ ಕಾಯಿಲೆಯಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯೇ ಆ ಗ್ರಾಹಕಗಳ ವಿರುದ್ಧ ಪ್ರತಿಕಾಯಗಳನ್ನು ಉತ್ಪಾದಿಸಿ ಅವುಗಳನ್ನು ಕಡಿಮೆ ಮಾಡಿಬಿಡುತ್ತದೆ. ಅರ್ಧಕ್ಕಿಂತ ಹೆಚ್ಚು ರೋಗಿಗಳಲ್ಲಿ ಇದು ಕಣ್ಣಿನಿಂದಲೇ ಶುರುವಾಗುತ್ತದೆ. ನೋವಿರುವುದಿಲ್ಲ, ಪಾಪೆಗೆ ಏನೂ ಆಗುವುದಿಲ್ಲ, ಮರಗಟ್ಟುವಿಕೆ ಇರುವುದಿಲ್ಲ. ಒಂದು ವಾರ ಎಡರೆಪ್ಪೆ ಇಳಿದರೆ ಮತ್ತೊಂದು ವಾರ ಬಲರೆಪ್ಪೆ ಇಳಿಯಬಹುದು. ಸಕ್ಕರೆ ಕಾಯಿಲೆ ಇದೆ ಎಂದ ಕೂಡಲೇ ಎಲ್ಲವನ್ನೂ ಅದರ ತಲೆಗೆ ಕಟ್ಟುವ ಅಭ್ಯಾಸದಿಂದ ಈ ಕಾಯಿಲೆ ಕೈತಪ್ಪಿಹೋಗುತ್ತದೆ, ಅದಕ್ಕಾಗಿಯೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ನೀವು ಮಾಡಬಹುದಾದ ಒಳ್ಳೆಯ ಕೆಲಸವೆಂದರೆ ಫೋಟೊ ತೆಗೆಯುವುದು. ಎದ್ದ ತಕ್ಷಣ ಒಂದು, ಸಂಜೆ ಅಡುಗೆಯ ಹೊತ್ತಿಗೆ ಒಂದು, ಮುಖ ನೇರವಾಗಿಟ್ಟು, ಒಂದೇ ಜಾಗದಲ್ಲಿ, ಮೂರ್ನಾಲ್ಕು ದಿನ ತೆಗೆದಿಡಿ. ಆಸ್ಪತ್ರೆಗೆ ಬೆಳಿಗ್ಗೆ ಬಂದ ರೋಗಿಯ ರೆಪ್ಪೆ ಚೆನ್ನಾಗಿಯೇ ಇರುವುದುಂಟು; ಆಗ ಈ ಫೋಟೊಗಳು ಹೇಳುವಷ್ಟನ್ನು ಬೇರಾವುದೂ ಹೇಳದು. ವೈದ್ಯರು ಒಂದೆರಡು ನಿಮಿಷ ರೆಪ್ಪೆ ಮಿಟುಕಿಸದೆ ಮೇಲಕ್ಕೆ ನೋಡುತ್ತಿರಲು ಹೇಳುತ್ತಾರೆ. ರೆಪ್ಪೆ ಮೆಲ್ಲಮೆಲ್ಲನೆ ಇಳಿಯುತ್ತ ಬರುವುದು ಕಣ್ಣೆದುರೇ ಕಾಣುತ್ತದೆ. ಮುಚ್ಚಿದ ರೆಪ್ಪೆಯ ಮೇಲೆ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಎರಡು ನಿಮಿಷ ಇಟ್ಟು ತೆಗೆದಾಗ ರೆಪ್ಪೆ 2 ಮಿಲಿಮೀಟರ್‌ ಅಥವಾ ಹೆಚ್ಚು ಮೇಲೇರಿದರೆ ಅನುಮಾನ ಬಲವಾಗುತ್ತದೆ, ಏಕೆಂದರೆ ತಂಪಿನಲ್ಲಿ ಅಸಿಟೈಲ್‌ಕೋಲಿನ್‌ ನಿಧಾನವಾಗಿ ಕರಗುತ್ತದೆ. ನಂತರ ರಕ್ತದಲ್ಲಿ ಪ್ರತಿಕಾಯದ ಪರೀಕ್ಷೆ, ನರವನ್ನು ಮತ್ತೆ ಮತ್ತೆ ಪ್ರಚೋದಿಸುವ ವಿದ್ಯುತ್‌ ಪರೀಕ್ಷೆ. ಕಾಯಿಲೆ ಕಣ್ಣಿಗೆ ಮಾತ್ರ ಸೀಮಿತವಾಗಿರುವವರಲ್ಲಿ ಸುಮಾರು ಅರ್ಧದಷ್ಟು ಮಂದಿಗಷ್ಟೇ ಪ್ರತಿಕಾಯ ಸಿಗುವುದರಿಂದ ನೆಗೆಟಿವ್‌ ರಿಪೋರ್ಟಿನಿಂದ ಕಾಯಿಲೆ ಇಲ್ಲವೆಂದಾಗುವುದಿಲ್ಲ. ರೋಗ ಖಚಿತವಾದರೆ ಎದೆಯ ಸಿ.ಟಿ. ಸ್ಕ್ಯಾನ್‌ ಬೇಕು, ನೂರಕ್ಕೆ ಹತ್ತರಿಂದ ಹದಿನೈದು ರೋಗಿಗಳಲ್ಲಿ ಎದೆಯೊಳಗಿನ ಥೈಮಸ್‌ ಗ್ರಂಥಿಯಲ್ಲಿ ಗಡ್ಡೆಯಿರುತ್ತದೆ. ಕಣ್ಣಿನ ಕಾಯಿಲೆಗೆ ಎದೆಯ ಸ್ಕ್ಯಾನ್‌ ಏಕೆ ಎಂದು ಅನೇಕರು ಅನುಮಾನಿಸುತ್ತಾರೆ, ಆದರೆ ಇದು ಅನಗತ್ಯ ಪರೀಕ್ಷೆಯಲ್ಲ. ಪಿರಿಡೋಸ್ಟಿಗ್ಮಿನ್‌ ಮಾತ್ರೆ, ಬೇಕಾದರೆ ಸ್ಟೀರಾಯ್ಡ್‌, ಇವುಗಳಿಂದ ಹೆಚ್ಚಿನವರು ಚೆನ್ನಾಗಿರುತ್ತಾರೆ. ತಾಯಿಯವರಿಗೆ ಸ್ಟೀರಾಯ್ಡ್‌ ಕೊಡುವಾಗ ಸಕ್ಕರೆ ಏರುವುದರಿಂದ ಅದರ ಮಾತ್ರೆಗಳನ್ನೂ ಹೊಂದಿಸಬೇಕಾಗುತ್ತದೆ.

ರೆಪ್ಪೆ ಇಳಿಯುವುದರ ಬಗ್ಗೆ ಹೇಳುವಾಗ ನಮ್ಮ ಸೀಮೆಯ ಒಂದು ಸಂಗತಿಯನ್ನು ಬಿಡಲಾಗದು. ಮೆಕ್ಕೆಜೋಳ, ಶೇಂಗಾದ ರಾಶಿ ಕಾಯಲು ಕಣದಲ್ಲಿ ನೆಲದ ಮೇಲೆ ಮಲಗಿದವರು ಬೆಳಗಿನ ಜಾವ ಹೊಟ್ಟೆನೋವೆಂದು ಎದ್ದು, ಎರಡೂ ರೆಪ್ಪೆ ಭಾರವಾಗಿ, ಎರಡೆರಡಾಗಿ ಕಂಡು, ನುಂಗಲು ಕಷ್ಟವಾದರೆ, ಮೈಮೇಲೆ ಗಾಯದ ಗುರುತು ಇರಲಿ ಬಿಡಲಿ, ಕಟ್ಟುಹಾವಿನ ಕಡಿತವೆಂದೇ ಭಾವಿಸಬೇಕು. ಅದರ ಕಡಿತ ನೋಯುವುದಿಲ್ಲ, ಊದಿಕೊಳ್ಳುವುದೂ ಅಪರೂಪ, ಗುರುತು ಸಿಗದೇ ಇರಬಹುದು. ಆದರೆ ಗಂಟೆಗಳಲ್ಲಿ ಉಸಿರಾಟದ ಸ್ನಾಯುಗಳು ನಿಲ್ಲುತ್ತವೆ. ಮಂತ್ರ, ಬೇರು, ಕಷಾಯ ಎಂದು ಹೊತ್ತು ಕಳೆಯದೆ ವಿಷನಿರೋಧಕ ಚುಚ್ಚುಮದ್ದು ಮತ್ತು ಕೃತಕ ಉಸಿರಾಟದ ಯಂತ್ರವಿರುವ ಆಸ್ಪತ್ರೆಗೆ ಸೇರಿಸಬೇಕು.

ನಿಮ್ಮ ತಂಗಿಯವರ ಕಾಯಿಲೆ ಬೇರೆ. ಇಪ್ಪತ್ತರಿಂದ ನಲವತ್ತರೊಳಗಿನವರಲ್ಲಿ, ಅದರಲ್ಲೂ ಹೆಣ್ಣುಮಕ್ಕಳಲ್ಲಿ, ಒಂದು ಕಣ್ಣು ಕೆಲವೇ ದಿನಗಳಲ್ಲಿ ಮಂಜಾಗಿ, ಕಣ್ಣು ಹೊರಳಿಸಿದರೆ ನೋವಾಗಿ, ವಾರಗಳಲ್ಲಿ ಚೇತರಿಸಿದರೆ, ಅದು ಬಹುಶಃ ಕಣ್ಣಿನ ನರದ ಉರಿಯೂತ. ನೋಟ ಮರಳಿದ ಮೇಲೂ ಸುಳಿವು ಉಳಿದಿರುತ್ತದೆ. ಒಂದು ಕೆಂಪು ಮುಚ್ಚಳವನ್ನು ಒಂದೊಂದೇ ಕಣ್ಣಿನಿಂದ ನೋಡಲು ಹೇಳಿ. ಪೆಟ್ಟಾದ ಕಣ್ಣಿಗೆ ಅದೇ ಕೆಂಪು ಮಾಸಿದಂತೆ ಕಾಣಬಹುದು. ಬಿಸಿನೀರಿನ ಸ್ನಾನ ಮಾಡಿದಾಗ ಅಥವಾ ಏಪ್ರಿಲ್‌ ಬಿಸಿಲಿನಲ್ಲಿ ನಡೆದುಬಂದಾಗ ಆ ಕಣ್ಣು ಸ್ವಲ್ಪ ಹೊತ್ತು ಮಬ್ಬಾಗುವುದೂ ಉಂಟು. ವೈದ್ಯರು ಟಾರ್ಚನ್ನು ಒಂದು ಕಣ್ಣಿನಿಂದ ಇನ್ನೊಂದಕ್ಕೆ ಬೇಗನೆ ಸರಿಸುತ್ತಾರೆ. ದುರ್ಬಲ ನರದ ಕಡೆಗೆ ಬೆಳಕು ಬಂದಾಗ ಪಾಪೆ ಕಿರಿದಾಗಬೇಕಾದದ್ದು ಹಿಗ್ಗುತ್ತದೆ. ಈ ಒಂದು ಚಿಹ್ನೆ ಸಿಕ್ಕರೆ ತೊಂದರೆ ಪೊರೆಯದ್ದಲ್ಲ, ಕನ್ನಡಕದ್ದಲ್ಲ ಎಂದು ನಿಶ್ಚಯಿಸಬಹುದು.

ಯಾವುದೋ ಮಾತ್ರೆ ಎಂದು ಬರೆದಿದ್ದೀರಿ. ಆ ಹಳೆಯ ಚೀಟಿಯನ್ನು ಹುಡುಕಿಡಿ. ಅಮೆರಿಕದಲ್ಲಿ ನಡೆದು 1992ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ, ರಕ್ತನಾಳದ ಮೂಲಕ ಮಿಥೈಲ್‌ಪ್ರೆಡ್ನಿಸೊಲೋನ್‌ ಎಂಬ ಸ್ಟೀರಾಯ್ಡ್‌ ಪಡೆದವರ ದೃಷ್ಟಿ ಬೇಗ ಮರಳಿತು, ಬರೀ ಪ್ರೆಡ್ನಿಸೋನ್‌ ಎಂಬ ಸ್ಟೀರಾಯ್ಡ್‌ ಮಾತ್ರೆಗಳನ್ನು ಸಾಮಾನ್ಯ ಪ್ರಮಾಣದಲ್ಲಿ ಪಡೆದವರಲ್ಲಿ ಕಾಯಿಲೆ ಮರುಕಳಿಸಿದ್ದು ಹೆಚ್ಚು. ಅದೇ ರೋಗಿಗಳನ್ನು 15 ವರ್ಷ ಗಮನಿಸಿದಾಗ, ಮೊದಲ ಎಂ.ಆರ್‌.ಐ.ನಲ್ಲಿ ಮೆದುಳಿನಲ್ಲಿ ಒಂದಾದರೂ ಕಲೆ ಇದ್ದವರಲ್ಲಿ ನೂರಕ್ಕೆ 72 ಮಂದಿಗೆ, ಕಲೆಯೇ ಇಲ್ಲದವರಲ್ಲಿ 25 ಮಂದಿಗೆ ಮಲ್ಟಿಪಲ್‌ ಸ್ಕ್ಲೀರೋಸಿಸ್‌ (ರೋಗನಿರೋಧಕ ವ್ಯವಸ್ಥೆಯೇ ಮೆದುಳು, ಬೆನ್ನುಹುರಿಯ ನರಗಳ ಹೊದಿಕೆಗೆ ಹಾನಿ ಮಾಡುವ ಕಾಯಿಲೆ) ಬಂದಿತ್ತು. ಆ ಅಂಕಿಗಳು ಅಲ್ಲಿನ ಜನರವು, ನಮ್ಮವರಿಗೆ ಹಾಗೆಯೇ ಅನ್ವಯಿಸಬೇಕಿಲ್ಲ. ಆದರೆ ತಂಗಿಯವರಿಗೆ ಕಣ್ಣಿನ ಗೂಡು ಮತ್ತು ಮೆದುಳಿನ ಎಂ.ಆರ್‌.ಐ. ಏಕೆ ಬೇಕು ಎಂಬುದಕ್ಕೆ ಕಾರಣ ಇದೇ. ನಿಮ್ಮ ಮನೆಯಲ್ಲಿ ಎಂ.ಆರ್‌.ಐ. ಹೆಚ್ಚು ಉಪಯೋಗಕ್ಕೆ ಬರುವುದು ಅವರಿಗೆ. ಇದೇ ರೀತಿ ಕಾಣಿಸಿಕೊಂಡು ಇನ್ನೂ ಗಂಭೀರವಾಗಿ ನಡೆದುಕೊಳ್ಳುವ ಇನ್ನೊಂದು ಕಾಯಿಲೆಯಿದೆ, ನ್ಯೂರೋಮೈಲೈಟಿಸ್‌ ಆಪ್ಟಿಕಾ. ಅದರ ಪ್ರತಿಕಾಯ 2004ರಲ್ಲಿ ಪತ್ತೆಯಾದ ಮೇಲೆ ರಕ್ತಪರೀಕ್ಷೆಯಿಂದಲೇ ಎರಡನ್ನೂ ಬಹುಮಟ್ಟಿಗೆ ಬೇರ್ಪಡಿಸಬಹುದಾಗಿದೆ. ಎರಡೂ ಕಣ್ಣುಗಳು ಒಟ್ಟಿಗೆ ಕೆಟ್ಟರೆ, ನೋಟ ಪೂರ್ತಿ ಹೋಗಿ ಮರಳದಿದ್ದರೆ, ಎರಡೂ ಕಾಲುಗಳು ಸೋತರೆ, ಕಾರಣವಿಲ್ಲದೆ ದಿನಗಟ್ಟಲೆ ಬಿಕ್ಕಳಿಕೆ ಅಥವಾ ವಾಂತಿ ಬಂದರೆ ಈ ಕಾಯಿಲೆಯನ್ನು ನೆನೆಯಬೇಕು. ಇದಕ್ಕೆ ಕೊಡುವ ಔಷಧಿಗಳೇ ಬೇರೆ. ಮಲ್ಟಿಪಲ್‌ ಸ್ಕ್ಲೀರೋಸಿಸ್‌ಗೆ ಕೊಡುವ ಕೆಲವು ಔಷಧಿಗಳು ಇದನ್ನು ಉಲ್ಬಣಿಸುತ್ತವೆ.

ತಾಯಿಯವರ ವಯಸ್ಸಿನವರಿಗೆ ಒಂದು ಕಣ್ಣು ನೋವಿಲ್ಲದೆ, ಬೆಳಿಗ್ಗೆ ಏಳುವಾಗಲೇ, ಹೆಚ್ಚಾಗಿ ಕೆಳಗಿನ ಅರ್ಧ ಕಾಣದಂತಾದರೆ, ಅದು ಕಣ್ಣಿನ ನರಕ್ಕೆ ರಕ್ತ ಸಾಲದೆ ಆದದ್ದು. ಒಂದು ಕಣ್ಣಿಗೆ ಪರದೆ ಇಳಿದಂತಾಗಿ ಕೆಲವು ನಿಮಿಷಗಳಲ್ಲಿ ಸರಿಹೋದರೆ, ಸರಿಹೋಯಿತೆಂದು ಸುಮ್ಮನಾಗಬಾರದು. ಕುತ್ತಿಗೆಯ ರಕ್ತನಾಳದಿಂದ ಹೊರಟ ಹೆಪ್ಪು ಕಣ್ಣಿನ ನಾಳವನ್ನು ತಾತ್ಕಾಲಿಕವಾಗಿ ಮುಚ್ಚಿರಬಹುದು, ಲಕ್ವದ ನಿಜವಾದ ಮುನ್ಸೂಚನೆ ಅಂಥದ್ದು. ಮೈಗ್ರೇನಿನಲ್ಲಿ ಹೀಗಾಗುವುದಿಲ್ಲ: ಮಿನುಗುವ ಅಂಕುಡೊಂಕು ಗೆರೆಗಳು ಎರಡೂ ಕಣ್ಣಿಗೆ ಕಾಣುತ್ತ, ಇಪ್ಪತ್ತು ಮೂವತ್ತು ನಿಮಿಷಗಳಲ್ಲಿ ನಿಧಾನವಾಗಿ ಹರಡಿ ಅಳಿಯುತ್ತವೆ.

ರೋಗಿಗಳು ಹೇಳುವ ಒಂದು ಮಾತನ್ನು ಮಾತ್ರ ಇದ್ದಂತೆಯೇ ನಂಬಬಾರದು: ನನಗೆ ಎಡಗಣ್ಣು ಕಾಣುತ್ತಿಲ್ಲ. ಮೆದುಳಿನ ಬಲಭಾಗದ ಹಿಂದುಗಡೆ ಲಕ್ವವಾದರೆ ಹೋಗುವುದು ಎರಡೂ ಕಣ್ಣುಗಳ ಎಡ ಅರ್ಧದ ನೋಟ, ರೋಗಿಗೆ ಮಾತ್ರ ಅದು ಎಡಗಣ್ಣೇ ಹೋದಂತೆ ತೋರುತ್ತದೆ. ಪತ್ರಿಕೆ ಓದಲು ಕೊಟ್ಟರೆ ಗೊತ್ತಾಗುತ್ತದೆ. ಒಂದು ಸಾಲು ಮುಗಿಸಿ ಮುಂದಿನ ಸಾಲಿನ ಆರಂಭ ಹುಡುಕಲಾಗದೆ ನಡುವಿನಿಂದ ಓದುತ್ತಾರೆ, ಬಾಗಿಲಿನ ಎಡ ಚೌಕಟ್ಟಿಗೆ ಭುಜ ತಾಗಿಸಿಕೊಳ್ಳುತ್ತಾರೆ. ಎರಡೂ ಪಕ್ಕದ ನೋಟ ಕ್ರಮೇಣ ಕಿರಿದಾಗಿ, ಸಂತೆಯಲ್ಲಿ ಅಕ್ಕಪಕ್ಕದವರಿಗೆ ಡಿಕ್ಕಿ ಹೊಡೆಯತೊಡಗಿದರೆ ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಗಡ್ಡೆ ನರಗಳ ಕೂಡುಸ್ಥಾನವನ್ನು ಒತ್ತುತ್ತಿರಬಹುದು. ಅರ್ಧ ನೋಟ ಹಠಾತ್ತನೆ ಹೋದಾಗ ಹೆಪ್ಪು ಕರಗಿಸುವ ಚುಚ್ಚುಮದ್ದಿಗೆ ಇರುವ ಅವಧಿ ಸಾಮಾನ್ಯವಾಗಿ ನಾಲ್ಕೂವರೆ ಗಂಟೆ. ಕೈಕಾಲು ಚೆನ್ನಾಗಿದೆಯಲ್ಲ ಎಂದು ಮರುದಿನದ ಬಸ್ಸಿಗೆ ಕಾಯುವುದು ತಪ್ಪು.

ತಲೆಯೊಳಗಿನ ಒತ್ತಡ ಏರಿದಾಗ ಮೊದಮೊದಲು ನೋಟ ಚೆನ್ನಾಗಿಯೇ ಇರುತ್ತದೆ. ಬೆಳಗಿನ ತಲೆನೋವು, ವಾಂತಿ, ಬಗ್ಗಿ ಎದ್ದಾಗ ಕೆಲವೇ ಸೆಕೆಂಡು ಕಣ್ಣು ಕತ್ತಲಾಗುವುದು ಇದರ ಲಕ್ಷಣಗಳು. ಕಣ್ಣಿನ ಒಳಭಾಗ ನೋಡಿದರೆ ಎರಡೂ ನರಗಳ ತುದಿ ಊದಿರುತ್ತದೆ. ಹೆರಿಗೆಯಾದ ಕೆಲವು ವಾರಗಳಲ್ಲಿ ಬಾಣಂತಿಗೆ ಹೀಗಾದರೆ ಮೆದುಳಿನ ಅಭಿಧಮನಿಯಲ್ಲಿ ಹೆಪ್ಪುಗಟ್ಟಿರಬಹುದು, ಬಾಣಂತಿ ಸನ್ನಿ ಎಂದು ಮನೆಮದ್ದಿಗೆ ಬಿಡಬಾರದು. ಕ್ಷಯಕ್ಕೆ ಚಿಕಿತ್ಸೆ ಪಡೆಯುತ್ತಿರುವವರಿಗೂ ಒಂದು ಮಾತು: ಎಥಾಂಬುಟಾಲ್‌ ಮಾತ್ರೆ ಕೆಲವರಲ್ಲಿ ಎರಡೂ ಕಣ್ಣಿನ ನರಗಳಿಗೆ ನೋವಿಲ್ಲದೆ ಹಾನಿ ಮಾಡುತ್ತದೆ. ಅಕ್ಷರದ ನಡುಭಾಗ ಮಸುಕಾದರೆ, ಕೆಂಪು ಹಸಿರು ಗುರುತಿಸುವುದು ಕಷ್ಟವಾದರೆ ಅದೇ ದಿನ ಕ್ಷಯದ ಚಿಕಿತ್ಸೆ ಕೊಡುತ್ತಿರುವ ವೈದ್ಯರಿಗೆ ತಿಳಿಸಬೇಕು. ಅವರು ಆ ಒಂದು ಮಾತ್ರೆಯನ್ನು ನಿಲ್ಲಿಸಿ ಉಳಿದದ್ದನ್ನು ಹೊಂದಿಸುತ್ತಾರೆ. ಎಲ್ಲ ಮಾತ್ರೆಗಳನ್ನೂ ತಾವೇ ಬಿಟ್ಟುಬಿಡುವುದು ಇನ್ನೊಂದು ಅನಾಹುತ.

ವಂಶದ ಪ್ರಶ್ನೆಗೆ ಉತ್ತರ: ಮೈಸ್ತೇನಿಯಾ ಆಗಲಿ ಕಣ್ಣಿನ ನರದ ಉರಿಯೂತವಾಗಲಿ ತಾಯಿಯಿಂದ ಮಗಳಿಗೆ ನೇರವಾಗಿ ಇಳಿಯುವ ಕಾಯಿಲೆಗಳಲ್ಲ. ದೇಹವು ತನ್ನನ್ನೇ ಹಣಿಯುವ ಕಾಯಿಲೆಗಳ ಪ್ರವೃತ್ತಿ ಕೆಲವು ಕುಟುಂಬಗಳಲ್ಲಿ ತುಸು ಹೆಚ್ಚಿರಬಹುದು, ಅಷ್ಟೆ. ತಂಗಿಯವರ ಮದುವೆಯ ಮಾತುಕತೆಗೆ ಇದನ್ನು ಅಡ್ಡ ತರುವ ಅಗತ್ಯವಿಲ್ಲ.

ಪಾಪೆಗಳು ಸಮವಾಗಿದ್ದು, ಬೇರೆ ಅಪಾಯದ ಲಕ್ಷಣಗಳಿಲ್ಲದಿದ್ದರೆ, ಈ ವಾರದೊಳಗೆ ತಾಯಿಯವರನ್ನು ನರರೋಗ ತಜ್ಞರಿಗೆ ತೋರಿಸಿ. ದಾವಣಗೆರೆಯಲ್ಲಿಯೇ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಿವೆ. ಆರಂಭದ ಪರೀಕ್ಷೆಗೆ ಬೆಂಗಳೂರಿಗೆ ಓಡಬೇಕಿಲ್ಲ, ಇಲ್ಲಿನ ತಜ್ಞರು ಸೂಚಿಸಿದರೆ ಅವರ ಪತ್ರದೊಂದಿಗೆ ನಿಮ್ಹಾನ್ಸ್‌ಗೆ ಹೋಗಬಹುದು. ಫೋಟೊಗಳು, ಸಕ್ಕರೆಯ ಇತ್ತೀಚಿನ ರಿಪೋರ್ಟು, ಈಗ ನುಂಗುತ್ತಿರುವ ಎಲ್ಲ ಮಾತ್ರೆಗಳ ಹಾಳೆಗಳು ಜೊತೆಗಿರಲಿ. ಅಲ್ಲಿಯವರೆಗೆ ಕನ್ನಡಕದ ಒಂದು ಗಾಜಿಗೆ ಕಾಗದದ ಟೇಪು ಅಂಟಿಸಿದರೆ ಎರಡಾಗಿ ಕಾಣುವುದು ನಿಲ್ಲುತ್ತದೆ. ಒಲೆಯ ಮುಂದಿನ ಕೆಲಸವನ್ನು ಬೇರೆಯವರು ಮಾಡಲಿ. ಜ್ವರ, ಕೆಮ್ಮೆಂದು ಬೇರೆ ವೈದ್ಯರ ಬಳಿ ಹೋದರೆ ಮೈಸ್ತೇನಿಯಾದ ಅನುಮಾನವಿದೆ ಎಂದು ಮೊದಲೇ ಹೇಳಿ, ಏಕೆಂದರೆ ಜೆಂಟಾಮೈಸಿನ್‌, ಸಿಪ್ರೋಫ್ಲಾಕ್ಸಸಿನ್‌, ಅಜಿತ್ರೋಮೈಸಿನ್‌ನಂಥ ಆಂಟಿಬಯಾಟಿಕ್‌ಗಳು ಮತ್ತು ರಕ್ತದೊತ್ತಡದ ಕೆಲವು ಮಾತ್ರೆಗಳು ಈ ಕಾಯಿಲೆಯನ್ನು ಏಕಾಏಕಿ ಹೆಚ್ಚಿಸಬಲ್ಲವು. ಊಟದ ನಡುವೆ ದವಡೆ ಸೋಲುವುದು, ನೀರು ಕುಡಿದರೆ ಮೂಗಿಗೆ ಬರುವುದು, ಧ್ವನಿ ಮೂಗಿನಿಂದ ಹೊರಡುವುದು, ಮಲಗಿದರೆ ಉಸಿರು ಕಟ್ಟುವುದು, ಇವುಗಳಲ್ಲಿ ಯಾವುದು ಕಂಡರೂ ಗೊತ್ತುಮಾಡಿದ ದಿನಕ್ಕಾಗಿ ಕಾಯದೆ, ರಾತ್ರಿಯಾಗಿದ್ದರೂ 108ಕ್ಕೆ ಕರೆ ಮಾಡಿ ತೀವ್ರ ನಿಗಾ ಘಟಕವಿರುವ ಆಸ್ಪತ್ರೆಗೆ ಸೇರಿಸಿ.